ಮೂರನೇ ದರ್ಜೆಯ ಸರದಿ

ಕಾಂಗ್‌ಶಾನ್ ಎಂಬ ಊರಿನ ಆ ಸ್ಕ್ರೂ ಕಾರ್ಖಾನೆಯಲ್ಲಿ ಸಿಬ್ಬಂದಿ ವಿಭಾಗ ಎಂದರೆ ಷಿಹ್ ಮೇಯುನ್, ಅಷ್ಟೇ. ಇಪ್ಪತ್ತಾರು ವರ್ಷದಿಂದ ಅದೇ ಕುರ್ಚಿ, ಅದೇ ಕಿಟಕಿ. ಅವಳ ಮೇಜಿನ ಎರಡನೇ ಡ್ರಾಯರಿನಲ್ಲಿ ನೂರಾ ನಲವತ್ತು ಜನರ ಹೆಸರು ಕೆತ್ತಿದ ಮರದ ಮುದ್ರೆಗಳು ಸಾಲಾಗಿ ಮಲಗಿದ್ದವು. ರಜೆ ಚೀಟಿಯಿರಲಿ, ವಿಮೆಯ ಕಾಗದವಿರಲಿ, ಯಾರ ಒಪ್ಪಿಗೆ ಬೇಕೋ ಅವರ ಮುದ್ರೆಯನ್ನು ಅವಳೇ ಕೆಂಪು ಮಸಿಗೆ ಒತ್ತಿ ಹೊಡೆದುಬಿಡುತ್ತಿದ್ದಳು. ಯಂತ್ರದ ಮುಂದೆ ನಿಂತ ಮನುಷ್ಯ ಎಣ್ಣೆ ಕೈ ತೊಳೆದುಕೊಂಡು, ಎರಡು ಅಂತಸ್ತು ಹತ್ತಿ, ತನ್ನ ಹೆಸರನ್ನು ತಾನೇ ಒತ್ತಿ ಹೋಗಬೇಕೆಂದರೆ ಕೆಲಸ ಸಾಗುವುದು ಯಾವಾಗ? ಯಾರೂ ಅದನ್ನು ತಪ್ಪೆಂದುಕೊಂಡಿರಲಿಲ್ಲ. ನಂಬಿಕೆ ಎಂದುಕೊಂಡಿದ್ದರು, ಮೇಯುನ್ ಕೂಡ.

ವರ್ಷದ ಕೊನೆಯ ದರ್ಜೆಗಳೂ ಹಾಗೇ ನಡೆದು ಬಂದಿದ್ದವು. ಹಳೆಯ ಯಜಮಾನರು ಒಂದು ಕಾಯಿದೆ ಮಾಡಿಟ್ಟಿದ್ದರು: ಪ್ರತಿ ವಿಭಾಗದಲ್ಲಿ ಒಬ್ಬರಿಗಾದರೂ ಮೂರನೇ ದರ್ಜೆ ಬೀಳಲೇಬೇಕು, ಇಲ್ಲದಿದ್ದರೆ ಜನ ಮೈಗಳ್ಳರಾಗುತ್ತಾರೆ. ಮೂರನೇ ದರ್ಜೆ ಬಿದ್ದವನಿಗೆ ಆ ವರ್ಷ ಬಡ್ತಿ ಇಲ್ಲ, ಹಬ್ಬದ ಬೋನಸ್ಸೂ ಸಣ್ಣದು. ಹನ್ನೊಂದು ಜನ ಭುಜಕ್ಕೆ ಭುಜ ತಾಗಿಸಿ ದುಡಿಯುವ ಕಡೆ ಒಬ್ಬನನ್ನು ಕೆಟ್ಟವನೆಂದು ಬೆರಳು ಮಾಡಿ ತೋರಿಸುವುದು ಹೇಗೆ? ಹಾಗಾಗಿ ಸರದಿ ಬಂತು. ಈ ವರ್ಷ ನೀನು, ಮುಂದಿನ ವರ್ಷ ನಾನು. ಯಾರ ಸರದಿ ಎಂಬುದು ಮೇಯುನ್‌ಳ ತಲೆಯಲ್ಲಿರುತ್ತಿತ್ತು. ಅವಳು ಮೊದಲು ದರ್ಜೆ ಬರೆದು, ಆಮೇಲೆ ಅದಕ್ಕೆ ಹೊಂದುವ ಹಾಗೆ ಅಂಕ ತುಂಬಿ, ಮುದ್ರೆ ಒತ್ತುತ್ತಿದ್ದಳು. ಮೇಲ್ವಿಚಾರಕರು ಹಾಳೆ ತಿರುವಿಯೂ ನೋಡುತ್ತಿರಲಿಲ್ಲ.

ಈ ವರ್ಷ ಯಜಮಾನರ ಮಗಳು ತೂ ಯೀಷುವಾನ್ ಮ್ಯಾನೇಜರಾಗಿ ಬಂದಳು. ಜೊತೆಗೆ ಸಾಫ್ಟ್‌ವೇರ್ ಬಂತು. ಇನ್ನು ಪ್ರತಿಯೊಬ್ಬರೂ ತಮ್ಮ ಕೆಲಸಕ್ಕೆ ತಾವೇ ಒಂದರಿಂದ ಐದರವರೆಗೆ ಅಂಕ ಕೊಟ್ಟುಕೊಳ್ಳಬೇಕು, ಮೇಲ್ವಿಚಾರಕರು ಬೇರೆ ಕೊಡಬೇಕು, ಉಳಿದ ಲೆಕ್ಕ ಅದೇ ಮಾಡುತ್ತದೆ ಎಂದಳು. ಹಿಂದಿನ ಐದು ವರ್ಷದ ದರ್ಜೆಗಳನ್ನೂ ಮೇಯುನ್ ಕೈಯಲ್ಲೇ ಅದರೊಳಗೆ ಹಾಕಿಸಿದಳು.

"ಮೇಯುನ್ ಆಂಟಿ, ಇನ್ಮೇಲೆ ನಿಮಗೆ ಆರಾಮ. ಎಲ್ಲರೂ ಅವರವರ ಮೊಬೈಲಲ್ಲೇ ತುಂಬ್ತಾರೆ," ಎಂದಳು ಯೀಷುವಾನ್. ಈ ಹುಡುಗಿ ಪ್ರಾಥಮಿಕ ಶಾಲೆಯಲ್ಲಿದ್ದಾಗ ಇದೇ ಆಫೀಸಿನಲ್ಲಿ ಕೂತು ಮನೆಪಾಠ ಬರೆದವಳು.

ಎಲ್ಲರೂ ತುಂಬಿದರೇ? ಒಬ್ಬನೂ ತುಂಬಲಿಲ್ಲ. ಮೂರೇ ದಿನದಲ್ಲಿ ನೂರಾ ನಲವತ್ತು ಪಾಸ್‌ವರ್ಡುಗಳು ಸಿಗರೇಟು ಪೊಟ್ಟಣದ ಚೂರು, ಊಟದ ಡಬ್ಬಿಯ ಮುಚ್ಚಳ, ಕ್ಯಾಲೆಂಡರಿನ ಹಾಳೆಗಳ ಮೇಲೆ ಬರೆದು ಅವಳ ಮೇಜಿಗೆ ಬಂದು ಬಿದ್ದವು.

"ಅಕ್ಕಾ, ನಂದೂ ನೀವೇ ಒತ್ತಿಬಿಡಿ. ನನಗೇನು ಗೊತ್ತಾಗುತ್ತೆ ಇದೆಲ್ಲ."

"ಅಕ್ಕಾ, ನನಗೆ ಎರಡನೇ ದರ್ಜೆ ಬರೋ ಹಾಗೆ ನೋಡ್ಕೊಳ್ಳಿ, ಸಾಕು. ನನ್ನ ಸರದಿ ಇನ್ನೂ ನಾಕು ವರ್ಷ ಇದೆ."

ಮೇಲ್ವಿಚಾರಕರೂ ತಮ್ಮ ಪಾಸ್‌ವರ್ಡು ಕೊಟ್ಟು ಕೈ ತೊಳೆದುಕೊಂಡರು. ಮೇಯುನ್ ಬೈದುಕೊಂಡೇ ಎಲ್ಲವನ್ನೂ ತೆಗೆದಿಟ್ಟುಕೊಂಡಳು. ಯಂತ್ರಗಳು ಹಟ ಮಾಡದಿರಲಿ ಎಂದು ಆ ಕಡೆಯವರು ಅವುಗಳ ಮೇಲೆ ಇಡುವ ಹಸಿರು ಪೊಟ್ಟಣದ ಜೋಳದ ತಿಂಡಿಯನ್ನು ಹೊಸದಾಗಿ ಕೊಂಡು, ದಿನಾಂಕ ಮೀರಿಲ್ಲವೆಂದು ಎರಡೆರಡು ಸಲ ನೋಡಿ, ತನ್ನ ಕಂಪ್ಯೂಟರಿನ ಮೇಲಿಟ್ಟಳು. ಆಮೇಲೆ ಒಬ್ಬೊಬ್ಬರಾಗಿ ನೂರಾ ನಲವತ್ತು ಜನರ ವೇಷ ಹಾಕತೊಡಗಿದಳು.

ಉಳಿದ ವಿಭಾಗಗಳು ಹೇಗೋ ಮುಗಿದವು. ಅವಳನ್ನು ಕಾಡಿದ್ದು ಕುಲುಮೆ ವಿಭಾಗ. ಅಲ್ಲಿ ಈ ವರ್ಷದ ಸರದಿ ಕೋ ಚಿನ್‌ಶುಯಿಯದು. ಕುಲುಮೆಯ ಮುಂದೆ ಹತ್ತೊಂಬತ್ತು ವರ್ಷ ಬೆಂದವನು, ಮಾತು ಕಡಿಮೆ, ಮುಖ ಸದಾ ಕೆಂಪು. ಮೇಯುನ್ ಎಲ್ಲರಿಗೂ ಮೂರು ಅಂಕ ಹಾಕಿ ಅವನೊಬ್ಬನಿಗೆ ಎರಡು ಹಾಕಿದಳು. ಲೆಕ್ಕ ಮಾಡು ಎಂದು ಒತ್ತಿದಳು. ಮೂರನೇ ದರ್ಜೆ ಬಂದದ್ದು ಲ್ಯಾವ್ ಎಂಬ ಬೇರೊಬ್ಬನಿಗೆ.

ಇದೆಲ್ಲಿಯ ಲೆಕ್ಕ? ಮೇಯುನ್ ಕ್ಯಾಲ್ಕುಲೇಟರ್ ತೆಗೆದು ಕೂಡಿದಳು, ಭಾಗಿಸಿದಳು. ಅವಳ ಪ್ರಕಾರ ಚಿನ್‌ಶುಯಿ ಕೆಳಗಿದ್ದ. ಪರದೆಯ ಪ್ರಕಾರ ಲ್ಯಾವ್ ಕೆಳಗಿದ್ದ. ಸಾಫ್ಟ್‌ವೇರ್ ಮಾರಿದವರಿಗೆ ಫೋನ್ ಮಾಡಿದಳು.

"ಮೇಡಂ, ಅದು ಬರೀ ಕೂಡೋದಲ್ಲ," ಎಂದಿತು ಆ ಕಡೆಯ ಎಳೆ ದನಿ. "ವಿಭಾಗದ ಸರಾಸರಿಗೆ ಹೊಂದಿಸುತ್ತೆ. ರಜೆ ಲೆಕ್ಕ ಹಿಡಿಯುತ್ತೆ. ಹಿಂದಿನ ವರ್ಷಗಳ್ನೂ ತೂಗುತ್ತೆ. ಸಿಸ್ಟಂ ತಪ್ಪು ಮಾಡಲ್ಲ ಮೇಡಂ."

"ತಪ್ಪು ಮಾಡಿದೆ ಅಂತ ನಾನೆಲ್ಲಿ ಹೇಳ್ದೆ? ಅದು ಏನ್ಮಾಡ್ತಿದೆ ಅಂತ ಕೇಳ್ತಿದೀನಿ."

"ಹೊಂದಿಸ್ತಾ ಇದೆ ಮೇಡಂ."

ಹೊಂದಿಸುವುದು! ಅವಳು ಜೀವಮಾನವಿಡೀ ಮಾಡಿದ್ದು ಅದನ್ನೇ. ಅವಳೂ ಸಾಫ್ಟ್‌ವೇರೂ ಇಬ್ಬರೂ ಹೊಂದಿಸುತ್ತಿದ್ದರು, ಆದರೆ ಇಬ್ಬರಿಗೂ ಹೊಂದಾಣಿಕೆಯಿಲ್ಲ. ಲ್ಯಾವ್ ವರ್ಷವಿಡೀ ಹೆಂಡತಿಯ ಆಸ್ಪತ್ರೆ, ಅವಳಿ ಕೂಸುಗಳು ಎಂದು ರಜೆ ಹಾಕಿದ್ದು ಅದಕ್ಕೆ ಗೊತ್ತಿತ್ತು. ಸರದಿ ಅವನದಲ್ಲ ಎಂಬುದು ಗೊತ್ತಿರಲಿಲ್ಲ. ಮೇಯುನ್ ಚಿನ್‌ಶುಯಿಯ ಅಂಕವನ್ನು ಇನ್ನಷ್ಟು ಇಳಿಸಿದಳು. ಲ್ಯಾವ್ ಮೇಲೇಳಲಿಲ್ಲ. ಮೇಲ್ವಿಚಾರಕ ಕೊಡುವ ಅಂಕವನ್ನೂ ಇಳಿಸಿದಳು, ಆಗ ಸಂಬಂಧವೇ ಇಲ್ಲದ ಮೂರನೆಯವನೊಬ್ಬ ಮೊದಲ ದರ್ಜೆಗೆ ಹಾರಿದ. ತಲೆ ಚಿಟ್ಟು ಹಿಡಿಯಿತು. ಕೊನೆಗೆ ಚಿನ್‌ಶುಯಿ ತನಗೆ ತಾನೇ ಕೊಟ್ಟುಕೊಂಡ ಹಾಗೆ ತಾನು ತುಂಬಿದ್ದ ಅಂಕಗಳನ್ನೆಲ್ಲ ಒಂದಕ್ಕೆ ತಂದಳು.

ಸಾಫ್ಟ್‌ವೇರ್ ಅಷ್ಟಕ್ಕೇ ಬಿಡಲಿಲ್ಲ. ಒಂದು ಅಂಕ ಕೊಟ್ಟರೆ ಕಾರಣ ಬೇಕು, ಐವತ್ತು ಅಕ್ಷರಕ್ಕೆ ಕಡಿಮೆಯಿಲ್ಲದಂತೆ ಬರೆಯಿರಿ ಎಂದಿತು. ಪಕ್ಕದಲ್ಲೇ ಮಾದರಿ ವಾಕ್ಯಗಳ ಪಟ್ಟಿಯೂ ಇತ್ತು. ಊಟದ ಡಬ್ಬಿಗಳು ಬರುವ ಹೊತ್ತಾಗಿತ್ತು. ಮೇಯುನ್ ಓದಲೂ ಹೋಗದೆ ಮೇಲಿನ ಮೂರನ್ನು ಒತ್ತಿಬಿಟ್ಟಳು. ದರ್ಜೆ ಸರಿಯಾಗಿ ಬಂತು: ಕೋ ಚಿನ್‌ಶುಯಿ, ಮೂರು. ಅಬ್ಬ ಎಂದು ಉಸಿರು ಬಿಟ್ಟು ಊಟಕ್ಕೆ ಎದ್ದಳು.

ಎರಡು ದಿನದ ಮೇಲೆ, ಬೆಳಗಿನ ಹತ್ತು ಗಂಟೆಗೆ, ಚಿನ್‌ಶುಯಿ ಮೆಟ್ಟಿಲು ಹತ್ತಿ ಬಂದ. ಹತ್ತೊಂಬತ್ತು ವರ್ಷದಲ್ಲಿ ಅವನು ಅಲ್ಲಿಗೆ ಬಂದದ್ದು ಎಷ್ಟು ಸಲ ಎಂದು ಒಂದೇ ಕೈಯಲ್ಲಿ ಎಣಿಸಬಹುದಿತ್ತು. ಮೊಬೈಲನ್ನು ಮೇಜಿನ ಮೇಲಿಟ್ಟ.

"ಅಕ್ಕಾ, ಇದೇನೋ ಬಂದಿದೆ. ಓದ್ದೆ. ಅರ್ಥ ಆಗ್ಲಿಲ್ಲ."

ಮೇಯುನ್ ಕನ್ನಡಕ ಏರಿಸಿದಳು. ಸತತ ಎರಡು ವರ್ಷ ಮೂರನೇ ದರ್ಜೆ ಬಂದಿರುವುದರಿಂದ ತಿಂಗಳ ಕೊನೆಗೆ ನಿಮ್ಮನ್ನು ಕೆಲಸದಿಂದ ಬಿಡುಗಡೆ ಮಾಡಲು ಶಿಫಾರಸು ಮಾಡಲಾಗಿದೆ ಎಂದಿತ್ತು. ಕಳೆದ ವರ್ಷ! ಕಳೆದ ವರ್ಷದ ಸರದಿ ಲ್ಯಾವ್‌ನದು. ಅವನ ಹೆಂಡತಿ ಆಸ್ಪತ್ರೆ ಸೇರಿದಾಗ, ಈ ಹೊತ್ತಲ್ಲಿ ಹುಡುಗನ ಬೋನಸ್ ಕತ್ತರಿಸೋದು ಬೇಡ, ಅವನದ್ದು ನಾನೇ ತಿಂತೀನಿ ಎಂದು ಚಿನ್‌ಶುಯಿ ತಾನಾಗಿ ತಲೆಯ ಮೇಲೆ ಹಾಕಿಕೊಂಡಿದ್ದ. ಮೇಯುನ್ ಮೆಚ್ಚಿ, ಹಾಗೇ ಬರೆದು, ಮುದ್ರೆ ಒತ್ತಿದ್ದಳು. ಈ ವರ್ಷ ಅವನದೇ ಸರದಿ. ಹಳೆಯ ಕಾಗದಗಳಿದ್ದಾಗ ಯಾರೂ ಹಿಂದೆ ತಿರುಗಿ ನೋಡುತ್ತಿರಲಿಲ್ಲ. ಈಗ ನೋಡುವುದೊಂದು ಬಂದಿತ್ತು, ಅದರ ಬಾಯಿಗೆ ಐದು ವರ್ಷವನ್ನು ತುತ್ತು ಮಾಡಿ ಉಣ್ಣಿಸಿದವಳು ಅವಳೇ.

"ಚಿನ್‌ಶುಯಿ, ಇದು ನನ್ನಿಂದಾದ ತಪ್ಪು. ನಾನೇ ತುಂಬಿದ್ದು."

"ನೀವೇ ತುಂಬ್ತೀರಿ ಅಂತ ಗೊತ್ತಲ್ಲ. ಅದಕ್ಕೇ ತಾನೇ ಪಾಸ್‌ವರ್ಡ್ ಕೊಟ್ಟಿದ್ದು," ಎಂದ ಅವನು, ಅವಳೇ ಗಾಬರಿಯಾಗಿದ್ದಾಳೆಂದು ಸಮಾಧಾನ ಮಾಡುವ ದನಿಯಲ್ಲಿ. "ಕೆಳಗೆ ಇನ್ನೂ ಏನೋ ಇದೆ ನೋಡಿ. ನಾನು ಹೇಳಿದ್ದು ಅಂತ."

ಅವಳು ನೋಡಿದಳು. ನೌಕರನ ಸ್ವಂತ ಹೇಳಿಕೆ ಎಂಬುದರ ಕೆಳಗೆ ಅವಳು ಒತ್ತಿದ ಮೂರು ವಾಕ್ಯಗಳಿದ್ದವು. ನನಗೆ ಕೆಲಸದಲ್ಲಿ ಆಸಕ್ತಿ ಉಳಿದಿಲ್ಲ. ಸಹೋದ್ಯೋಗಿಗಳಿಗೆ ನಾನು ಹೊರೆಯಾಗಿದ್ದೇನೆ. ನನ್ನ ತಪ್ಪುಗಳನ್ನು ಪದೇಪದೇ ತಿದ್ದಿಸಿಕೊಂಡರೂ ಕಲಿಯಲು ಆಗುತ್ತಿಲ್ಲ.

"ಇದು ನಾನು ಹೇಳಿದ್ದಾ, ಅಕ್ಕ?" ಎಂದು ಕೇಳಿದ ಚಿನ್‌ಶುಯಿ. ಕೋಪವಿರಲಿಲ್ಲ. ನಿಜಕ್ಕೂ ಗೊತ್ತಿಲ್ಲದವನ ಹಾಗೆ ಕೇಳಿದ. "ಯಾವಾಗಾದ್ರೂ ಬಾಯಿ ತಪ್ಪಿ ಹೇಳಿದ್ನಾ?"

ಮೇಯುನ್‌ಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಕೆಲಸ ಹೋಗುತ್ತದೆಂಬ ಸುದ್ದಿಗಿಂತ ಆ ಮೂರು ಸಾಲು ಅವನಿಗೆ ಹೆಚ್ಚು ನಾಟಿದೆ ಎಂದು ಅವನ ಮುಖ ನೋಡಿದರೇ ತಿಳಿಯುತ್ತಿತ್ತು.

ಅವಳು ಅವನನ್ನು ಕರೆದುಕೊಂಡು ನೇರ ಯೀಷುವಾನಳ ಕೋಣೆಗೆ ಹೋದಳು. ತಪ್ಪು ಅಂಕ ಹಾಕಿದ್ದೇನೆ, ತಿದ್ದಬೇಕು ಎಂದಳು. ಕಳೆದ ವರ್ಷದ ಮಾತನ್ನು ಎತ್ತಲಿಲ್ಲ. ಅದು ಸುಳ್ಳೆಂದರೆ ಉಳಿದ ಇಪ್ಪತ್ತೈದು ವರ್ಷದ ದರ್ಜೆಗಳೂ ಸುಳ್ಳೇ ತಾನೆ?

"ಅವರ ಹೇಳಿಕೆ ನೀವು ಹೇಗೆ ತುಂಬಿದ್ರಿ ಆಂಟಿ?" ಯೀಷುವಾನ್ ಒಮ್ಮೆ ಇವಳನ್ನು, ಒಮ್ಮೆ ಅವನನ್ನು ನೋಡಿದಳು. "ಹಾಗಾದ್ರೆ ಇವ್ರ ನಿಜವಾದ ಅಂಕ ಎಷ್ಟು?"

ಚಿನ್‌ಶುಯಿ ಯಾವ ವರ್ಷ ಯಾರ ಬದಲು ನಿಂತ ಎಂದು ಕೇಳಿದರೆ ಮೇಯುನ್ ಹೇಳಬಲ್ಲಳು. ಅವನ ತಾಯಿಯ ತಿಥಿ ಯಾವತ್ತು ಎಂದೂ ಗೊತ್ತು. ಆದರೆ ಅವನು ಒಳ್ಳೆಯ ಕೆಲಸಗಾರನೇ, ಸಾಧಾರಣನೇ, ಎಷ್ಟು ಒಳ್ಳೆಯವನು? ಇಪ್ಪತ್ತಾರು ವರ್ಷ ನೂರಾರು ಜನರಿಗೆ ದರ್ಜೆ ಬರೆದವಳಿಗೆ ಒಬ್ಬನ ಕೆಲಸವೂ ಗೊತ್ತಿರಲಿಲ್ಲ. ಅವಳು ಪೆದ್ದಿಯಂತೆ ಕಣ್ಣು ಕಣ್ಣು ಬಿಟ್ಟಳು.

"ನನಗೆ ಗೊತ್ತಿಲ್ಲ," ಎಂದಳು.

ಯೀಷುವಾನ್ ಸಿಡುಕಲಿಲ್ಲ. "ಇವತ್ತು ಸಂಜೆ ಐದರವರೆಗೆ ಇವ್ರ ಹಾಳೆ ತೆರೆದಿಡ್ತೀನಿ. ಇವ್ರೇ ತುಂಬ್ಲಿ. ಇವ್ರೇ," ಎಂದು ಕೊನೆಯ ಮಾತನ್ನು ಎರಡು ಸಲ ಹೇಳಿದಳು.

ಮತ್ತೆ ಮೇಯುನ್‌ಳ ಮೇಜು. ಚಿನ್‌ಶುಯಿ ಅವಳ ಕುರ್ಚಿಯ ತುದಿಯಲ್ಲಿ ಕೂತ. ಒರಟು ಬೆರಳುಗಳ ಹಿಡಿತಕ್ಕೆ ಮೌಸ್ ಸಿಗುತ್ತಿರಲಿಲ್ಲ.

"ಎಲ್ಲಾ ಐದು ಹಾಕು," ಎಂದಳು ಅವಳು ಅವಸರದಲ್ಲಿ.

"ಐದಾ? ಜನ ಏನಂತಾರೆ? ನನ್ನನ್ನ ನಾನೇ ಹೊಗಳಿಕೊಂಡೆ ಅನ್ನಲ್ವಾ?"

"ಹಾಗಾದ್ರೆ ನಾಕು ಹಾಕು, ಮಾರಾಯ! ಕೆಲಸ ಹೋಗುತ್ತೆ ನಿಂದು."

"ನಾನು ಮೇಲೆ ಹೋದ್ರೆ ಕೆಳಗೆ ಬರೋದು ಯಾರು?"

"ಅದೆಲ್ಲ ನಿನಗ್ಯಾಕೆ?"

"ಲ್ಯಾವಾ?"

ಅವಳು ಕಿಟಕಿಯ ಕಡೆ ತಿರುಗಿದಳು. ಅವನು ಮೌಸ್ ಬಿಟ್ಟು ಮೊಣಕಾಲ ಮೇಲೆ ಕೈ ಇಟ್ಟುಕೊಂಡ. ಮೇಯುನ್‌ಗೆ ರೇಗಿಹೋಯಿತು. "ಅವನಿಗೆ ಮೊದಲನೇ ಸಲ ಕಣೋ, ಒಂದು ವರ್ಷದ ಬಡ್ತಿ ತಪ್ಪುತ್ತೆ ಅಷ್ಟೇ! ನಿನ್ನ ಹಾಗೆ ಬೀದಿಗೆ ಬೀಳಲ್ಲ! ಎಷ್ಟು ಜನರದ್ದು ತಿಂತೀಯ? ನಿನಗೆ ಬುದ್ಧಿ ಅನ್ನೋದು ಇದೆಯಾ?" ಎಂದು ಕೂಗಾಡಿದಳು. ಕೂಗಿದ್ದು ಅವನ ಮೇಲಲ್ಲ ಎಂದು ಅವಳಿಗೂ ಗೊತ್ತಿತ್ತು.

ಚಿನ್‌ಶುಯಿ ಕೇಳಿಸಿಕೊಂಡು, "ಅಕ್ಕಾ, ಬೇಜಾರು ಮಾಡ್ಕೋಬೇಡಿ. ಸ್ವಲ್ಪ ಹೊರಗೆ ನಿಲ್ತೀರಾ? ನೀವು ನೋಡ್ತಿದ್ರೆ ನನಗೆ ಬರೆಯೋಕಾಗಲ್ಲ," ಎಂದ.

ತನ್ನ ಕೋಣೆಯಿಂದ ತಾನೇ ಹೊರಬಿದ್ದು ಮೇಯುನ್ ಓಣಿಯಲ್ಲಿ ನಿಂತಳು. ಕೆಳಗಿನಿಂದ ಯಂತ್ರಗಳ ಸದ್ದು ಬರುತ್ತಿತ್ತು. ಒಂದು ಗಂಟೆ ಕಳೆಯಿತು, ಒಂದೂವರೆ ಗಂಟೆ ಕಳೆಯಿತು. ಒಳಗೆ ಅವನು ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದ. ಅವನು ಎದ್ದು ಹೋದ ಮೇಲೆ ಅವಳು ಕೂತು ನೋಡಿದಳು. ನಾಲ್ಕು ಅಂಕ ಕೊಟ್ಟುಕೊಂಡಿದ್ದ. ಕೆಳಗೆ ಹೀಗಿತ್ತು: ಕಬ್ಬಿಣ ಕಾದಿದೆಯೋ ಇಲ್ಲವೋ ನಾನು ಬಣ್ಣ ನೋಡಿ ಹೇಳುತ್ತೇನೆ, ಮೀಟರ್ ಆಮೇಲೆ ಹೇಳುತ್ತದೆ. ನನ್ನ ಕೈಯಿಂದ ಹೋದ ಸ್ಕ್ರೂ ಮುರಿದು ವಾಪಸು ಬಂದದ್ದಿಲ್ಲ. ಕಳೆದ ವರ್ಷದ ಮೂರನೇ ದರ್ಜೆ ನನ್ನದಲ್ಲ, ಲ್ಯಾವ್‌ನ ಸರದಿ ನಾನು ತೆಗೆದುಕೊಂಡೆ. ಈ ವರ್ಷ ಅವನು ತೆಗೆದುಕೊಳ್ಳಲಿ, ನಾನೇ ಅವನಿಗೆ ಹೇಳುತ್ತೇನೆ.

ಅದರ ಕೆಳಗೆ ಪರದೆ ಕೇಳುತ್ತಿತ್ತು: ದೃಢೀಕರಿಸುವವರು, ಷಿಹ್ ಮೇಯುನ್. ಮೇಲಿನ ಹೇಳಿಕೆ ನಿಜವೇ?

ಒತ್ತಿದರೆ ಅವನು ಉಳಿಯುತ್ತಾನೆ. ಒತ್ತಿದರೆ ಸರದಿಯ ಕತೆ ಅವಳ ಹೆಸರಿನ ಜೊತೆ ಯೀಷುವಾನಳ ಕೋಣೆಗೆ ಹೋಗುತ್ತದೆ. ನಿವೃತ್ತಿಗೆ ಇನ್ನೆರಡು ವರ್ಷವಿತ್ತು. ಮೇಯುನ್ ಐದಕ್ಕೆ ಹತ್ತು ನಿಮಿಷವಿರುವವರೆಗೆ ಕೂತಿದ್ದು ಒತ್ತಿದಳು.

ಚಿನ್‌ಶುಯಿಗೆ ಎರಡನೇ ದರ್ಜೆ ಬಂತು, ಕೆಲಸ ಉಳಿಯಿತು. ಯೀಷುವಾನ್ ಅವಳನ್ನು ಕರೆಸಲಿಲ್ಲ, ಬೈಯಲಿಲ್ಲ. ವಾರದ ಮೇಲೆ, ಊಟದ ಹೊತ್ತಿಗೆ, ಮೇಯುನ್‌ಳ ಮೊಬೈಲಿಗೇ ಒಂದು ಸಂದೇಶ ಬಂತು. ಷಿಹ್ ಮೇಯುನ್, ಈ ವರ್ಷ: ಮೂರನೇ ದರ್ಜೆ. ಆಫೀಸಿಗೆ ಹಳೆಯ ಯಜಮಾನರ ಆ ಕಾಯಿದೆಯೂ ಇರಲಿಲ್ಲ, ಸರದಿಯೂ ಇರಲಿಲ್ಲ. ಇಪ್ಪತ್ತಾರು ವರ್ಷವೂ ಅವಳು ತನಗೆ ತಾನು ಮೊದಲ ದರ್ಜೆಯನ್ನೇ ಬರೆದುಕೊಂಡಿದ್ದಳು, ಅದರ ಬಗ್ಗೆ ಒಮ್ಮೆಯೂ ಯೋಚಿಸಿರಲಿಲ್ಲ.

ನ್ಯಾಯವೇ ಆಯಿತು ಎಂದುಕೊಂಡಳು. ಹಾಗೆಂದುಕೊಂಡೇ ಡಬ್ಬಿ ತೆರೆದಳು. ಒಂದು ತುತ್ತು ಬಾಯಿಗಿಟ್ಟರೆ ಒಳಗೆ ಇಳಿಯಲಿಲ್ಲ. ಡಬ್ಬಿ ಮುಚ್ಚಿ ಹಿಂದಿನ ಮೆಟ್ಟಿಲ ಮೇಲೆ ಹೋಗಿ ಕೂತಳು. ಯಾಕೆ ಅಳು ಬರುತ್ತಿದೆ ಎಂದೇ ತಿಳಿಯಲಿಲ್ಲ. ಗೊತ್ತಿರುವ ತಪ್ಪು, ಗೊತ್ತಿರುವ ಶಿಕ್ಷೆ, ಸತ್ತವರಿಲ್ಲ, ಕೆಟ್ಟವರಿಲ್ಲ, ಆದರೂ ಕಣ್ಣೀರು ನಿಲ್ಲಲಿಲ್ಲ.

ಸಿಗರೇಟಿಗೆಂದು ಬಂದ ಚಿನ್‌ಶುಯಿ ಅವಳನ್ನೂ ಅವಳ ಕೈಯಲ್ಲಿದ್ದ ಮೊಬೈಲನ್ನೂ ನೋಡಿದ. ಸಿಗರೇಟು ಹಚ್ಚಲಿಲ್ಲ. ಎರಡು ಮೆಟ್ಟಿಲು ಕೆಳಗೆ, ಅವಳ ಮುಖ ಕಾಣದ ಹಾಗೆ ಆಚೆ ತಿರುಗಿ ಕೂತ.

"ಮೂರು ಬಿದ್ದಾಗೆಲ್ಲ ಹೀಗೇ ಆಗುತ್ತೆ, ಅಕ್ಕ," ಎಂದ. "ನನಗೂ ಪ್ರತಿ ಸಲ ಆಗ್ತಿತ್ತು."