ಉತ್ತರ ತೀರದ ವಿಳಾಸ

ಅನ್ನವಿತ್ತ ನೆಲಕ್ಕೆ, ದಾಹ ತಣಿಸಿದ ನೀರಿಗೆ, ಅಕ್ಷರ ಕಲಿಸಿದ ಗುರುಗಳಿಗೆ, ಮುಪ್ಪಿನಲ್ಲಿ ಆಸರೆಯಾದ ಪರಸ್ಥಳದ ಜನರಿಗೆ ಮೊದಲು ಕೈಮುಗಿಯುತ್ತೇನೆ.

ಪತ್ನಿಯ ಮೊದಲ ವರ್ಷದ ತಿಥಿಯ ಬೆಳಿಗ್ಗೆ, ದರ್ಭೆ ಹಿಡಿದು ಸಂಕಲ್ಪಕ್ಕೆ ಕುಳಿತವನ ನಾಲಗೆ ನಡುವೆಯೇ ನಿಂತುಹೋಯಿತು. ಕಾಲವನ್ನು ಹೇಳಿದೆ, ದೇಶವನ್ನು ಹೇಳಲು ಬರಲಿಲ್ಲ. ನಂಜನಗೂಡಿನಲ್ಲಿ ಐವತ್ತು ವರ್ಷ ‘ಕಪಿಲೆಯ ದಕ್ಷಿಣ ತೀರದಲ್ಲಿ’ ಎಂದವನು ಈಗ ಚೀನಾದ ಲುವೊಯಾಂಗ್ ನಗರದಲ್ಲಿ, ಯೋಗ ಕಲಿಸುವ ಮಗಳ ಒಂಬತ್ತನೆಯ ಮಹಡಿಯ ಮನೆಯಲ್ಲಿದ್ದೆ. ಬಂದ ಆರು ತಿಂಗಳಿಂದ ನಿತ್ಯಕರ್ಮದಲ್ಲಿ, ಅಭ್ಯಾಸಬಲದಿಂದಲೋ ಏನೋ, ಕಪಿಲೆಯನ್ನೇ ಹೇಳಿಕೊಂಡು ಬಂದಿದ್ದೆ. ಹೆಂಡತಿಯ ಕಾರ್ಯಕ್ಕೆ ಆ ಸುಳ್ಳು ಒಗ್ಗಲಿಲ್ಲ.

“ಏನಾದ್ರೂ ಒಂದು ಹೇಳ್ಬಿಡಿ ಅಪ್ಪಾ. ಯಾರು ಕೇಳ್ತಾರೆ?”

“ನಿಮ್ಮಮ್ಮ ಕೇಳ್ತಾಳೆ ಕಣಮ್ಮ.”

ಅವಳು ನಂಜನಗೂಡಿನ ಹತ್ತಿರದ ಕಳಲೆಯ ಅಂಚೆ ಕಚೇರಿ ನಡೆಸಿದವಳು. “ವಿಳಾಸ ಸರಿ ಇಲ್ದಿದ್ರೆ ಕಾಗದ ಸೇರಲ್ಲ ಕಣ್ರೀ” ಎನ್ನುತ್ತಿದ್ದಳು. ಸುಳ್ಳು ತೀರದಿಂದ ಬಿಟ್ಟ ಎಳ್ಳುನೀರು ಅವಳನ್ನು ಸೇರೀತೆ?

ಮಗಳು ಕೆಳಮನೆಯ ಚೆನ್ ಅವರನ್ನು ಕರೆತಂದಳು. ಭೂಗೋಳ ಕಲಿಸಿ ನಿವೃತ್ತರಾದ ಮೇಷ್ಟ್ರು. ವಿಷಯ ಕೇಳಿ ನಕ್ಕರು. ಅವರ ಮಾತನ್ನು ಮಗಳು ಕನ್ನಡಕ್ಕೆ ತಂದಳು: “ಇಷ್ಟ್ ಓದಿರೋ ನಿಮ್ಗೆ ಎಲ್ಲಿದೀನಿ ಅಂತ ಗೊತ್ತಿಲ್ವಾ ಅಂತಿದಾರೆ. ಊರಿನ ಹೆಸರಲ್ಲೇ ಇದೆಯಂತಪ್ಪಾ.”

ಚೆನ್ ಬಿಡಿಸಿ ಹೇಳಿದರು: ಬೆಟ್ಟದ ದಕ್ಷಿಣ ಮಗ್ಗುಲು, ಹೊಳೆಯ ಉತ್ತರ ದಡ, ಬಿಸಿಲು ಬೀಳುವ ನೆಲ; ಅದು ‘ಯಾಂಗ್’. ಲುವೊ ಹೊಳೆಯ ಯಾಂಗ್ ಈ ಊರು. ಬೆನ್ನಿಗೆ ಮಾಂಗ್ ಬೆಟ್ಟ. ಇವರ ಪಿತೃಗಳು ಮಲಗಿರುವುದೂ ಅಲ್ಲಿಯೇ. ನಾವು ಪ್ರಕೃತಿಯ ನೋಟ ಎನ್ನುವುದಕ್ಕೆ ಇವರು ‘ಶಾನ್‌ಶ್ವೇ’, ಅಂದರೆ ಬೆಟ್ಟ-ನೀರು, ಎನ್ನುತ್ತಾರೆ.

“ಬರೀ ಬೆಟ್ಟ, ನೀರು ಇದ್ರೆ ಅರ್ಧವಂತೆ. ಮಧ್ಯೆ ಮನುಷ್ಯ ತನ್ನ ಜಾಗ ತಿಳ್ಕೊಂಡು ನಿಂತ್ರೇನೇ ಪೂರ್ತಿಯಂತೆ.”

ನಮ್ಮ ಕಡೆಯ ಮುಡುಕುತೊರೆಯ ಗುಡ್ಡವೂ ಅದರ ಮೇಲಿನ ಗುಡಿಯೂ ಕೆಳಗಿನ ಕಾವೇರಿಯೂ ಕಣ್ಮುಂದೆ ಬಂದವು. ನಾವು ಬೆಟ್ಟದ ಮೇಲೆ ದೇವರನ್ನು ಹುಡುಕುತ್ತೇವೆ. ಇವರು ಮೊದಲು ಬಿಸಿಲನ್ನು ಹುಡುಕುತ್ತಾರೆ. ಬೆಟ್ಟವನ್ನು ಕೇಳದೆ ಊರು ಕಟ್ಟುವವರು ಎರಡು ಕಡೆಯೂ ಇರಲಿಲ್ಲ.

ಮೂವರೂ ಹೊಳೆಗೆ ಹೋದೆವು. ಮಗಳು ಕೈಹಿಡಿದು ಮೆಟ್ಟಿಲು ಇಳಿಸಿದಳು. ನಂಜನಗೂಡಿನಲ್ಲಿ ತರ್ಪಣಕ್ಕೆಂದು ದಕ್ಷಿಣಕ್ಕೆ ತಿರುಗಿದರೆ ಹೊಳೆ ಬೆನ್ನಿಗಿರುತ್ತಿತ್ತು. ಇಲ್ಲಿ ಎದುರಿಗೇ ಇತ್ತು. ಮಾಂಗ್ ಪರ್ವತದ ದಕ್ಷಿಣದಲ್ಲಿ, ಲುವೊ ನದಿಯ ಉತ್ತರ ತೀರದಲ್ಲಿ ಎಂದು ಸಂಸ್ಕೃತದಲ್ಲಿ ಹೇಳಿ, ಅವಳ ಹೆಸರೆತ್ತಿ ಎಳ್ಳುನೀರು ಬಿಟ್ಟೆ. ಚೆನ್ ಟೋಪಿ ತೆಗೆದು ನಿಂತಿದ್ದರು.

ಮರುದಿನ ಸಂಧ್ಯಾವಂದನೆಯಲ್ಲಿ ನಾಲಗೆ ತಾನಾಗಿಯೇ ಮತ್ತೆ ಕಪಿಲೆಯನ್ನು ಹೇಳಿತು. ನಿಲ್ಲಿಸಿ ಲುವೊ ಎಂದೆ. ಊರು ಬಿಟ್ಟವರಿಗೆ ಕಾಗದ ಬಂದರೆ ಅವಳು ಹಳೆಯ ವಿಳಾಸದ ಮೇಲೆ ಒಂದೇ ಗೆರೆ ಎಳೆದು, ಹೊಸದನ್ನು ಕೆಳಗೆ ಬರೆಯುತ್ತಿದ್ದಳು. ಗೆರೆಯ ಅಡಿಯಲ್ಲಿ ಹಳೆಯದೂ ಓದಲು ಸಿಗುತ್ತಿತ್ತು.

ದಡ ತೋರಿಸಿದವರಿಗೆ, ಕೈಹಿಡಿದು ಇಳಿಸಿದ ಮಗಳಿಗೆ, ಎರಡೂ ಹೊಳೆಗಳ ದಡದಲ್ಲಿ ಬಾಳುವ ಎಲ್ಲರಿಗೂ ಒಳ್ಳೆಯದಾಗಲಿ.