ವ್ಯಾನಿನ ಕೀ ನನ್ನ ಬಳಿಯೇ ಇತ್ತು

ವ್ಯಾನಿನ ಕೀ ಕಳೆದವನು ಒಧಿಯಾಂಬೊ ಅಲ್ಲ. ಕೀ ಕಳೆದೇ ಇರಲಿಲ್ಲ. ಗಾಡಿಯ ಲಾಗ್‌ಬುಕ್ಕೂ — ಇಲ್ಲಿ ಗಾಡಿಯ ಒಡೆತನದ ಕಾಗದಕ್ಕೆ ಹಾಗೆನ್ನುತ್ತಾರೆ — ಕಳೆದಿರಲಿಲ್ಲ. ಎರಡೂ ನೈರೋಬಿಯ ಲೊರೆಶೋದ ನಮ್ಮ ಮನೆಯಲ್ಲಿ, ದೇವರ ಪೀಠದ ಕೆಳಗಿನ ಡ್ರಾಯರಿನಲ್ಲಿ, ಊದುಬತ್ತಿ ಪೊಟ್ಟಣದ ಅಡಿಯಲ್ಲಿ ಬೆಚ್ಚಗೆ ಮಲಗಿದ್ದವು. ಇಟ್ಟವಳು ನಾನು. ಗೊತ್ತಿದ್ದೂ ಗೊತ್ತಿದ್ದೂ ಇನ್ನೊಬ್ಬನ ತಲೆಗೆ ಕಟ್ಟಿದವಳೂ ನಾನೇ. ನಾಲ್ಕು ವರ್ಷವಾಯಿತು. ಇಷ್ಟು ಹೇಳುವುದಕ್ಕೆ ನಾಲ್ಕು ವರ್ಷ!

ನಾನು ಬೆಂಗಳೂರಿನ ಒಂದು ಕಂಪನಿಯ ನೈರೋಬಿ ಶಾಖೆಯಲ್ಲಿ ಹಣಕಾಸು ನೋಡಿಕೊಳ್ಳುವವಳು. ಆಗ ಆಫೀಸಿನಲ್ಲಿ ಒಂದು ಹಳೆಯ ವ್ಯಾನ್ ಇತ್ತು, ಒಂಬತ್ತು ಸೀಟಿನದು. ಕಸರಾನಿಯಲ್ಲಿ ನಡೆಯಲಾಗದ ಮಕ್ಕಳಿಗೆ ವ್ಯಾಯಾಮ, ಚಿಕಿತ್ಸೆ, ಪಾಠ ಎಲ್ಲ ನಡೆಸುವ ಸಣ್ಣ ಕೇಂದ್ರವೊಂದಿದೆ. ಅದನ್ನು ನಡೆಸುವ ಮಾಮಾ ವಂಜಿರು — ಇಲ್ಲಿ ಮಾಮಾ ಎಂದರೆ ಅಮ್ಮ — ಅಕ್ಟೋಬರಿನಲ್ಲೇ ಬಂದು ಆ ವ್ಯಾನನ್ನು ಕೇಳಿದ್ದರು. ಅವರ ಸ್ವಂತ ಗಾಡಿ ಕೆಟ್ಟು ಮೂಲೆ ಸೇರಿತ್ತು, ಮಕ್ಕಳು ಬಾಡಿಗೆ ಗಾಡಿಯಲ್ಲಿ ಬಂದು ಹೋಗುತ್ತಿದ್ದರು. ಬೆಂಗಳೂರಿನ ಸಾಹೇಬರು ಫೋನಿನಲ್ಲೇ ಒಪ್ಪಿದರು — "ಕೊಟ್ಬಿಡಿ, ಆದ್ರೆ ಈ ವರ್ಷದ ಟ್ಯಾಕ್ಸ್‌ನಲ್ಲಿ ಬರೋ ಹಾಗೆ ನೋಡ್ಕೊಳ್ಳಿ."

ಅಂದೇ ಕೊಡಬಹುದಿತ್ತು. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಆ ಪೂಜಾರಿ ನಾನು. ಇಲ್ಲಿ ವರ್ಷ ಮುಗಿಯುವುದು ಡಿಸೆಂಬರಿಗೆ. ಅಕ್ಟೋಬರಿನಲ್ಲಿ ಕೊಟ್ಟರೂ ಅದೇ ತೆರಿಗೆ ಲಾಭ, ಡಿಸೆಂಬರಿನ ಕೊನೆಯ ದಿನ ಕೊಟ್ಟರೂ ಅದೇ ಲಾಭ. ಹಾಗಿದ್ದ ಮೇಲೆ ಕೊನೆಯ ದಿನದವರೆಗೂ ಓಡಿಸಿಕೊಳ್ಳಬಾರದೇಕೆ? ಇದನ್ನು ಮೀಟಿಂಗಿನಲ್ಲಿ ಹೇಳಿ ಭೇಷ್ ಎನಿಸಿಕೊಂಡೆ ಬೇರೆ. ಥೂ, ಅದನ್ನು ನೆನೆದರೆ ಈಗ ನನ್ನ ಮೇಲೇ ರೇಗುತ್ತದೆ.

ಅಷ್ಟಕ್ಕೇ ನಿಂತಿದ್ದರೆ — ಇಲ್ಲ, ನಿಲ್ಲಲಿಲ್ಲ. ಕ್ರಿಸ್‌ಮಸ್ ರಜೆಗೆ ನನ್ನ ನಾದಿನಿಯ ಸಂಸಾರ ಬೆಂಗಳೂರಿನಿಂದ ಬರುವುದಿತ್ತು. ನಾವೂ ಸೇರಿ ಎಂಟು ಜನ. ಮಾರಾ ಅಭಯಾರಣ್ಯಕ್ಕೆ ಸಿಂಹ ತೋರಿಸಲು ಕರೆದುಕೊಂಡು ಹೋಗಬೇಕು. ಮೈಸೂರಿನಿಂದ ಅತ್ತೆ ಫೋನು ಮಾಡಿದಾಗ ಗಾಡಿ ದಾನದ ವಿಷಯ ಬಂತು. "ಶೂನ್ಯಮಾಸದಲ್ಲಿ ಗಾಡಿ ಮನೆಯಿಂದ ಆಚೆ ಕಳಿಸ್ಬೇಡಮ್ಮ" ಎಂದರು. ನನ್ನ ಗಂಡ ರಘು ತಕ್ಷಣ ಹಿಡಿದುಕೊಂಡ — "ಧನುರ್ಮಾಸ ಕಣೇ, ಸಂಕ್ರಾಂತಿ ಆದ್ಮೇಲೆ ಕೊಟ್ರಾಯ್ತು. ಅಷ್ಟರಲ್ಲಿ ಟ್ರಿಪ್ಪೂ ಮುಗಿಯುತ್ತೆ."

ಅತ್ತೆ ಪಾಪ, ನಂಬಿ ಹೇಳಿದವರು. ನಾನು ನಂಬಿದವಳಲ್ಲ. ಧನುರ್ಮಾಸದಲ್ಲಿ ಮದುವೆ ಮಾಡುವುದಿಲ್ಲ, ಗೃಹಪ್ರವೇಶ ಮಾಡುವುದಿಲ್ಲ, ದಾನ ಬೇಡವೆಂದು ಯಾರೂ ಹೇಳಿಲ್ಲ — ಅದು ನನಗೆ ಚೆನ್ನಾಗಿ ಗೊತ್ತಿತ್ತು. ತೆರಿಗೆಗೆ ಇಲ್ಲಿಯ ಕ್ಯಾಲೆಂಡರ್, ಕೀಗೆ ನಮ್ಮ ಪಂಚಾಂಗ. ಎರಡನ್ನೂ ನನಗೆ ಬೇಕಾದ ಹಾಗೆ ತಿರುಗಿಸಿಕೊಂಡೆ.

ಹಾಗಾಗಿ ಡಿಸೆಂಬರಿನಲ್ಲೇ ಪತ್ರ ಸಿದ್ಧಪಡಿಸಿದೆ. "ವಾಹನ, ಕೀ ಮತ್ತು ಲಾಗ್‌ಬುಕ್ ಸ್ವೀಕರಿಸಿದ್ದೇವೆ" ಎಂದು ಅದರಲ್ಲಿ ಬರೆದಿತ್ತು. ಮಾಮಾ ವಂಜಿರು ಓದಿ, ತಲೆಯೆತ್ತಿ ನನ್ನನ್ನು ನೋಡಿದರು. ಗಾಡಿ ಸರ್ವಿಸ್ ಆಗಿ ಬರುತ್ತದೆ, ಒಂದು ವಾರ ಅಷ್ಟೇ ಎಂದೆ. ಅವರು ಸಹಿ ಹಾಕಿದರು. ಆ ಸಹಿಯನ್ನು ನಂಬಿ ಜನವರಿಯಿಂದ ಬಾಡಿಗೆ ಗಾಡಿ ಬೇಡವೆಂದೂ ಹೇಳಿಬಿಟ್ಟರು. ಅದು ನನಗೆ ಆಮೇಲೆ ತಿಳಿಯಿತು.

ಒಧಿಯಾಂಬೊ ಆ ಕೇಂದ್ರದ ಡ್ರೈವರು. ಐವತ್ತು ದಾಟಿದವನು, ಹನ್ನೊಂದು ವರ್ಷದಿಂದ ಅಲ್ಲಿದ್ದವನು. ವರ್ಷದ ಕೊನೆಯ ವಾರ ನಮ್ಮ ಆಫೀಸಿಗೆ ಬಂದು ಪತ್ರದ ಪ್ರತಿಯಿದ್ದ, ಬಾಯಿ ಅಂಟಿಸದ ಲಕೋಟೆ ತೆಗೆದುಕೊಂಡು, ಗೇಟಿನ ಪುಸ್ತಕದಲ್ಲಿ ಸಹಿ ಮಾಡಿದ. ಹೋಗುವ ಮುಂಚೆ ಕೈಯಲ್ಲಿ ಕೀ ತಿರುಗಿಸುವ ಹಾಗೆ ತೋರಿಸಿ ನಕ್ಕು ಕೇಳಿದ — "ಉಫುಂಗುವೊ, ಮೇಡಂ?" ಕೀ ಎಲ್ಲಿ ಎಂದು. "ಬಾದಾಯೆ" ಎಂದೆ. ಆಮೇಲೆ.

ಜನವರಿಯಲ್ಲಿ ಶಾಲೆಗಳು ತೆರೆದವು. ನಾವು ಮಾರಾದಿಂದ ಬಂದಿದ್ದೆವು, ವ್ಯಾನು ನಮ್ಮ ಮನೆಯ ಹಿಂದೆ ಕೆಂಪು ಧೂಳು ಹೊತ್ತು ನಿಂತಿತ್ತು. ಮಾಮಾ ವಂಜಿರು ಫೋನು ಮಾಡಿದರು. ಮಕ್ಕಳು ಬರಲಾಗುತ್ತಿಲ್ಲ, ಒಬ್ಬ ಅಜ್ಜಿ ಏಳು ವರ್ಷದ ಮೊಮ್ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ಎರಡು ಮಟಾಟು ಬಸ್ಸು ಬದಲಾಯಿಸಿ ಬಂದಿದ್ದಾಳೆ, ಗಾಡಿ ಎಲ್ಲಿ? ಸತ್ಯ ಹೇಳಿದ್ದರೆ ಸಹಿಯ ವಿಷಯ ಬರುತ್ತಿತ್ತು, ತೆರಿಗೆಯ ವಿಷಯ ಬರುತ್ತಿತ್ತು, ನನ್ನ ಕೆಲಸದ ವಿಷಯ ಬರುತ್ತಿತ್ತು. ನಾಲಿಗೆ ತಾನಾಗಿ ಹೊರಳಿತು ಎನ್ನಲೇ? ಇಲ್ಲ, ಯೋಚಿಸಿಯೇ ಹೇಳಿದೆ —

"ಕೀ, ಲಾಗ್‌ಬುಕ್ ಎರಡೂ ಆ ಲಕೋಟೆಯಲ್ಲೇ ಇಟ್ಟು ನಿಮ್ಮ ಡ್ರೈವರ್ ಕೈಗೆ ಕೊಟ್ಟಿದ್ದೆನಲ್ಲ? ಅವರು ನಿಮಗೆ ಕೊಡಲಿಲ್ಲವೇ?"

ಗೇಟಿನ ಪುಸ್ತಕದಲ್ಲಿ ಅವನ ಸಹಿ ಇತ್ತು — ಲಕೋಟೆ ಒಂದು. ಒಳಗೆ ಏನಿತ್ತೆಂದು ಯಾವ ಗೇಟಿನವನು ಬರೆಯುತ್ತಾನೆ? ನಕಲಿ ಕೀ ಮಾಡಿಸಬೇಕು, ಹೊಸ ಕಾಗದಕ್ಕೆ ಅರ್ಜಿ ಹಾಕಬೇಕು, ಎರಡು ವಾರ ಬೇಕು ಎಂದೆ. ಸಂಕ್ರಾಂತಿ ಸರಿಯಾಗಿ ದಾಟುತ್ತಿತ್ತು ನೋಡಿ!

ಹಬ್ಬ ಕಳೆದ ಮೇಲೆ ವ್ಯಾನು ತೊಳೆಸಿದೆ. ಕೀಯಿಂದ ಹಳೆಯ ಗಣಪತಿಯ ಕೀಚೈನ್ ಬಿಚ್ಚಿ ಹೊಸ ಉಂಗುರ ಹಾಕಿ, ಇದೇ ಡೂಪ್ಲಿಕೇಟ್ ಎಂದು ಮಾಮಾ ವಂಜಿರು ಕೈಗಿಟ್ಟೆ. ಲಾಗ್‌ಬುಕ್ಕನ್ನು ಯಾರೋ ಆಫೀಸಿಗೆ ತಂದುಕೊಟ್ಟರು ಎಂದೆ. ಕುಂಕುಮ ಹಚ್ಚಿ, ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣೂ ಇಟ್ಟೆ. ಇದೇಕೆ ಎಂದು ಅವರು ಕೇಳಿದರು. ಕೆಟ್ಟದ್ದು ತಟ್ಟದಿರಲಿ ಎಂದು ವಿವರಿಸಿದೆ, ನನ್ನ ಮುಖಕ್ಕಿಷ್ಟು! ಫೋಟೋದಲ್ಲಿ ಎಲ್ಲರೂ ಇದ್ದರು. ಒಧಿಯಾಂಬೊ ಇರಲಿಲ್ಲ. ಕೀ ಮಾರಿಕೊಳ್ಳಲು ಹೊರಟಿದ್ದನೋ ಏನೋ ಎಂದು ಕೇಂದ್ರದ ಸಮಿತಿಯವರು ಅವನನ್ನು ಆ ವಾರವೇ ತೆಗೆದಿದ್ದರು. ಮಾಮಾ ವಂಜಿರು ಅದನ್ನು ಅಂದೇ ನನಗೆ ಹೇಳಿದರು. "ಅಯ್ಯೋ ಪಾಪ" ಎಂದೆ ನಾನು.

ಮರೆತಿದ್ದೆ ಎಂದರೆ ಸುಳ್ಳು. ಅದು ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನ ಹಾಗೆ ಇತ್ತು. ಆದರೂ ದಿನ ಹೋಗುತ್ತಿತ್ತು — ಕಳೆದ ವಾರದವರೆಗೆ. ಸ್ಪ್ರಿಂಗ್ ವ್ಯಾಲಿಯ ಪೆಟ್ರೋಲ್ ಬಂಕಿನಲ್ಲಿ ಕಾರು ತೊಳೆಸಲು ನಿಲ್ಲಿಸಿದ್ದೆ. ಬಕೆಟ್ಟು ಹಿಡಿದು ಬಂದವನು ಒಧಿಯಾಂಬೊ. ತಲೆ ಪೂರ್ತಿ ಬೆಳ್ಳಗಾಗಿದೆ. ನಾನು ಗಾಜು ಏರಿಸಬೇಕೆನ್ನುವಷ್ಟರಲ್ಲಿ ಅವನೇ ಗುರುತು ಹಿಡಿದು ಕುಲುಕಲು ಕೈ ಚಾಚಿದ. ನನ್ನ ಅರೆಬರೆ ಸ್ವಾಹಿಲಿಗೆ ತಿಳಿಯಲೆಂದು ನಿಧಾನವಾಗಿ, ನಡುನಡುವೆ ಇಂಗ್ಲಿಷ್ ಸೇರಿಸಿ ಕೇಳಿದ —

"ಮೇಡಂ, ಆ ಕೀ ಕೊನೆಗೂ ಸಿಕ್ಕಿತಾ? ನಾನು ಎಲ್ಲ ಕಡೆ ಹುಡುಕಿದೆ. ಮಟಾಟು ನಿಲ್ಲುವ ಸ್ಟೇಜಿನಲ್ಲಿ ಹುಡುಕಿದೆ, ಮನೆಯ ಹಾಸಿಗೆ ಬಿಚ್ಚಿ ಹುಡುಕಿದೆ. ನೀವು 'ಬಾದಾಯೆ' ಅಂದ ಹಾಗೂ, ಲಕೋಟೆ ಹಗುರವಾಗಿತ್ತು ಅಂತಲೂ ನೆನಪು... ಆದರೆ ನೀವು ಇಟ್ಟೆ ಅಂದಿರಲ್ಲ, ನೀವು ಯಾಕೆ ಸುಳ್ಳು ಹೇಳ್ತೀರಿ? ಎಲ್ಲೋ ನಾನೇ ಬೀಳಿಸಿರಬೇಕು. ಅವತ್ತು ಹಾಕಿದ್ದ ಕೋಟಿನ ಜೇಬು ಇವತ್ತಿಗೂ ತಡವಿ ನೋಡ್ತೀನಿ."

ಅವನಿಗೆ ನನ್ನ ಮೇಲೆ ಕೋಪವಿಲ್ಲ. ತನ್ನ ಮೇಲೇ ಅನುಮಾನ! ನಾನು ಕಿತ್ತುಕೊಂಡದ್ದು ಕೆಲಸವನ್ನಷ್ಟೇ ಎಂದುಕೊಂಡಿದ್ದೆ. ಅವನ ನೆನಪಿನ ಮೇಲೆ ಅವನಿಗಿದ್ದ ನಂಬಿಕೆಯನ್ನೂ ಕಿತ್ತುಕೊಂಡಿದ್ದೇನೆ. ಆಗ, ಅಲ್ಲೇ, ಹೇಳಬಹುದಿತ್ತು. ಹೇಳಿದ್ದೇನು ಗೊತ್ತೇ? "ಹಪಾನಾ." ಇಲ್ಲ, ಸಿಗಲಿಲ್ಲ ಎಂದೆ. ಅವನು ತಲೆಯಾಡಿಸಿ, ನನ್ನ ಕಾರಿನ ಗಾಜು ಉಜ್ಜಿದ. ದುಡ್ಡು ಕೊಟ್ಟಾಗ "ಅಸಾಂಟೆ, ಮೇಡಂ" ಎಂದು ಧನ್ಯವಾದ ಹೇಳಿದ.

ಇಷ್ಟನ್ನು ನಿನ್ನೆ ರಾತ್ರಿ ಬರೆದು ಓದಿ ನೋಡಿದರೆ ಮತ್ತೆ ಮೈ ಉರಿಯಿತು. ಕನ್ನಡದಲ್ಲಿ ಯಾಕೆ ಬರೆದೆ? ಒಧಿಯಾಂಬೊ ಓದಲಾರ, ಮಾಮಾ ವಂಜಿರು ಓದಲಾರರು, ಈ ಊರಿನಲ್ಲಿ ಹುಟ್ಟಿ ಬೆಳೆದ ನನ್ನ ಮಗಳೂ ಓದಲಾರಳು. ತಪ್ಪೊಪ್ಪಿಗೆಯಲ್ಲೂ ಉಪಾಯ! ನಾಯಿ ಬಾಲ ಡೊಂಕು.

ಹಾಗಾಗಿ ಬೆಳಿಗ್ಗೆ ಕೂತು ಇದನ್ನೇ ಇಂಗ್ಲಿಷಿನಲ್ಲಿ ಬರೆದೆ. ಒಂದು ಪ್ರತಿ ಮಾಮಾ ವಂಜಿರು ಮತ್ತು ಸಮಿತಿಗೆ, ಒಂದು ಬೆಂಗಳೂರಿಗೆ — ಆ ವರ್ಷ ಕೊಡದ ಗಾಡಿಯನ್ನು ಕೊಟ್ಟೆವೆಂದು ತೋರಿಸಿದ್ದು ನಾನು ಎಂದು. ಕೆಲಸ ಹೋಗಬಹುದು, ಹೋಗಲಿ. ಮೂರನೆಯ ಪ್ರತಿ ಒಧಿಯಾಂಬೊಗೆ. ಅದನ್ನು ಲಕೋಟೆಯಲ್ಲಿಟ್ಟು ಕಳಿಸುವುದಿಲ್ಲ. ಪೆಟ್ರೋಲ್ ಬಂಕಿಗೆ ಹೋಗಿ, ಎದುರು ನಿಂತು, ಬಾಯಲ್ಲೇ ಹೇಳಿ ಆಮೇಲೆ ಕೊಡುತ್ತೇನೆ. ಡ್ರಾಯರಿನಿಂದ ಗಣಪತಿಯ ಕೀಚೈನೂ ತೆಗೆದು ಪರ್ಸಿನಲ್ಲಿಟ್ಟಿದ್ದೇನೆ.

ರಘು ನಡುಮನೆಯಿಂದ ಕೂಗುತ್ತಿದ್ದಾನೆ — "ಇವತ್ತು ಶುಕ್ರವಾರ ಕಣೇ, ದೇವರ ಮುಂದಿನ ವಸ್ತು ಆಚೆ ತಗೊಂಡು ಹೋಗ್ಬೇಡ. ನಾಳೆ ಹೋದ್ರಾಗಲ್ವಾ?"

ಮೂರು ಪತ್ರಗಳ ಮೇಲೂ ಇವತ್ತಿನ ತಾರೀಖನ್ನೇ ಹಾಕಿದ್ದೇನೆ.