ನವರಂಗಕ್ಕೆ ಬಿಟ್ಟ ಮೂಲೆ

ನಿನ್ನೆ ಸಂಜೆ ಬಸವೇಶ್ವರನಗರದ ನಮ್ಮ ಮನೆಯ ಹಿಂದಿನ ಖಾಲಿ ಸೈಟಿನಿಂದ ಎರಡೇ ಸ್ವರದ ಒಂದು ಸಿಳ್ಳೆ ಕೇಳಿಸಿತು. ಮೊದಲನೆಯದು ಮೇಲಕ್ಕೆ, ಎರಡನೆಯದು ಕೆಳಕ್ಕೆ. ಕೈಯಲ್ಲಿದ್ದ ಕಾಫಿ ಆರಿಹೋಯಿತು. ನವರಂಗ ಬಂದಿದೆ ಅಂದುಕೊಂಡೆ. ಯಾರಿಗೂ ಹೇಳಲಿಲ್ಲ, ಹೇಳಿದರೆ ಮುದುಕನಿಗೆ ಮತ್ತೆ ಶುರುವಾಯಿತು ಎನ್ನುತ್ತಾರೆ.

ನೀವು ಈ ಹಕ್ಕಿಯನ್ನು ನೋಡಿರಲಿಕ್ಕಿಲ್ಲ. ಅಷ್ಟು ಬಣ್ಣ ಇಟ್ಟುಕೊಂಡೂ ಅದಕ್ಕೆ ತೋರಿಸಿಕೊಳ್ಳುವ ಆಸೆಯಿಲ್ಲ. ಬೆನ್ನು ಹಸಿರು, ಹೊಟ್ಟೆ ಜೇನಿನ ಬಣ್ಣ, ಬಾಲದ ಬುಡದಲ್ಲಿ ಕುಂಕುಮ, ರೆಕ್ಕೆಯಲ್ಲೊಂದಿಷ್ಟು ನೀಲಿ, ಗಂಟಲು ಬಿಳಿ, ಕಣ್ಣಿಗೆ ಅಡ್ಡಲಾಗಿ ಎಳೆದ ಕಾಡಿಗೆ. ಬಾಲ ಮಾತ್ರ ಬಟ್ಟೆ ಸಾಲದೆ ಹೋದ ದರ್ಜಿಯ ಕೆಲಸದಂತೆ ಮೋಟು. ಕಾಡಿನ ನೆಲದ ಮೇಲೆ ಕುಪ್ಪಳಿಸುತ್ತ ಬದುಕುವ ಹಕ್ಕಿ ಅದು. ಮಳೆಗಾಲ ಮುಗಿದೊಡನೆ ಉತ್ತರದ ಕಾಡುಗಳಿಂದ ರಾತ್ರಿಯಿಡೀ ಹಾರಿ ಈ ಕಡೆ ಬರುತ್ತದೆ, ದಣಿದರೆ ಸಿಕ್ಕಲ್ಲಿ ಇಳಿದುಬಿಡುತ್ತದೆ. ಇದೆಲ್ಲ ನಾನು ಆಮೇಲೆ ತಿಳಿದುಕೊಂಡದ್ದು.

ಐವತ್ತರ ದಶಕದಲ್ಲಿ ನಾವು ರಾಜಾಜಿನಗರದಲ್ಲಿ ಬಾಡಿಗೆಗಿದ್ದೆವು. ಬಡಾವಣೆ ಎಂಬ ಹೆಸರಷ್ಟೇ ಬಂದಿತ್ತು. ಬೇಲಿಯಾಚೆ ರಾಗಿ ಹೊಲ. ಹಿತ್ತಿಲಲ್ಲೊಂದು ಹಲಸಿನ ಮರ. ಅತ್ತೆ, ಅಂದರೆ ಅಪ್ಪನ ಅಕ್ಕ, ಮಾವ ತೀರಿಕೊಂಡ ಮೇಲೆ ನಮ್ಮಲ್ಲಿಗೆ ಬಂದವರು. ಬೆಳಗಾದರೆ ಪೊರಕೆ ಹಿಡಿದು ಮುಂಬಾಗಿಲಿನಿಂದ ಹಲಸಿನ ಬುಡದವರೆಗೆ ಒಂದೆಲೆ ಉಳಿಯದಂತೆ ಗುಡಿಸುತ್ತಿದ್ದರು. ಕೂತು ಉಣ್ಣುವವಳು ಎಂದು ಯಾರೂ ಅನ್ನಬಾರದು ಎಂಬುದು ಅವರ ಹಟ. ಯಾರೂ ಅಂದಿರಲಿಲ್ಲ. ನನ್ನಮ್ಮನದು ಮಾತೇ ಕಡಿಮೆ, ಹಾಗಾಗಿ ಅವರಿಗೆ ಸಮಾಧಾನವನ್ನೂ ಹೇಳಿರಲಿಲ್ಲ.

ಒಂದು ಬೆಳಗ್ಗೆ ಈ ಹಕ್ಕಿ ಬಚ್ಚಲ ಮೆಟ್ಟಿಲ ಮೇಲೆ ಕೂತಿತ್ತು. ಹಾರಲು ತ್ರಾಣವಿಲ್ಲ. ಮೂರನೇ ಕ್ಲಾಸಿನ ವಿದ್ವಾಂಸನಾದ ನಾನು, ಇದು ಗಿಳಿಮರಿ, ಬಾಲ ಆಮೇಲೆ ಬರುತ್ತದೆ ಎಂದು ತೀರ್ಪು ಕೊಟ್ಟೆ. ಅತ್ತೆ ಕುಕ್ಕೆ ಮುಚ್ಚಿ ಹಾಲನ್ನ ಇಟ್ಟರು. ಮುಟ್ಟಲಿಲ್ಲ. ಬಾಳೆಹಣ್ಣು ಇಟ್ಟರು. ಹಸಿಮೆಣಸಿನಕಾಯಿ ನನ್ನ ಸಲಹೆ. ಹಕ್ಕಿ ಕಣ್ಣು ಮುಚ್ಚಿಕೊಂಡಿತು.

"ಸಾಯೋದಾದ್ರೆ ಬೆಳಕಲ್ಲಿ ಸಾಯ್ಲಿ, ಪಾಪ" ಎಂದು ಅತ್ತೆ ಅದನ್ನು ಹಲಸಿನ ಬುಡದಲ್ಲಿ, ಗುಡಿಸಿ ಒಟ್ಟಿದ್ದ ಎಲೆಗಳ ಪಕ್ಕ ಬಿಟ್ಟರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಹಕ್ಕಿ ಕೊಕ್ಕಿನಿಂದ ಒಂದು ಎಲೆ ಮಗುಚಿತು. ಇನ್ನೊಂದು ಮಗುಚಿತು. ಅಡಿಯಿಂದ ಎರೆಹುಳು ಎಳೆದು ನುಂಗಿತು. ಮಡಿವಂತೆ ಅತ್ತೆ ಮುಖ ತಿರುಗಿಸುತ್ತಾರೆ ಅಂದುಕೊಂಡೆ. ಅವರು ಕುಕ್ಕರುಗಾಲಲ್ಲಿ ಕೂತು ನೋಡಿದರು.

"ನಿನ್ ಊಟಾನೇ ದಿನಾ ಗುಡಿಸಿ ಸುಡ್ತಾ ಇದ್ನಲ್ಲೋ ಕಂದಾ" ಎಂದರು.

ಅಂದಿನಿಂದ ಆ ಮೂಲೆಗೆ ಪೊರಕೆ ಹೋಗಲಿಲ್ಲ. ಹೊತ್ತು ಮೂಡುವಾಗ, ಮುಳುಗುವಾಗ ಸಿಳ್ಳೆ ಹಾಕುತ್ತ, ನಡುವೆ ಎಲೆ ಮಗುಚುತ್ತ ಹಕ್ಕಿ ಅಲ್ಲೇ ನೆಲೆಸಿತು. ಎಲೆ ಕೊಳೆತು ನಾರತೊಡಗಿತು. ಒಮ್ಮೆ ಬಂದ ಮನೆಯ ಮಾಲೀಕರು, "ಏನ್ರಮ್ಮಾ, ಹಾವು ಸಾಕ್ತಾ ಇದೀರಾ?" ಅಂದು ಹೋದರು. ಅಮ್ಮನಿಗೆ ಅವಮಾನವಾಯಿತು.

"ನಾಳೆ ಅದನ್ನ ಗುಡಿಸ್ಬಿಡಿ ಅತ್ತಿಗೆ" ಎಂದಳು.

ಅತ್ತೆ ತಲೆ ತಗ್ಗಿಸಿದರು. "ಆ ಮೂಲೆ ಒಂದು ನನಗೆ ಬಿಟ್ಬಿಡಮ್ಮಾ. ಬೇಸಿಗೆವರ್ಗೂ ಸಾಕು."

ನಮ್ಮಲ್ಲಿಗೆ ಬಂದ ಮೇಲೆ ಅವರು ಏನನ್ನಾದರೂ ಕೇಳಿದ್ದು ಅದೇ ಮೊದಲು. ಅಮ್ಮ ತಿರುಗಿ ಒಳಗೆ ಹೋದಳು. ಕೇಳಬಾರದಿತ್ತು ಎಂದುಕೊಂಡು ಅತ್ತೆ ಆ ದಿನ ಊಟವನ್ನೇ ಬೇಡವೆಂದರು.

ಬೆಳಗ್ಗೆ ಪೊರಕೆಯ ಸದ್ದಿಗೆ ಎದ್ದು ಹೋದೆ. ಅತ್ತೆ ಹಿತ್ತಿಲ ಬಾಗಿಲಲ್ಲಿ ಬರಿಗೈಯಲ್ಲಿ ನಿಂತಿದ್ದರು. ಗುಡಿಸುತ್ತಿದ್ದವಳು ಅಮ್ಮ. ಹಲಸಿನ ಮರ ಇನ್ನೂ ದೂರವಿರುವಾಗಲೇ ಅವಳು ನಿಂತಳು. ಅಂಗಳದಿಂದ ಬಳಿದ ಎಲೆಗಳನ್ನು ಮೊರಕ್ಕೆ ತುಂಬಿಕೊಂಡು ಹೋಗಿ ಆ ಮೂಲೆಗೇ ಸುರಿದಳು.

"ಒಣಗಿದ್ರೆ ಹುಳ ಇರಲ್ಲ ಅತ್ತಿಗೆ. ಬಚ್ಚಲ ನೀರು ಈ ಕಡೆಗೆ ತಿರುಗ್ಸಿ" ಎಂದು ಹೇಳಿ ಒಲೆ ಹಚ್ಚಲು ಹೋದಳು.

ಅದೇನು ರಾಶಿ ಎಂದು ಪಕ್ಕದ ಮನೆಯಾಕೆ ಕೇಳಿದಾಗ ಅತ್ತೆ, "ನಮ್ಮನೇಲಿ ಒಂದು ಹಕ್ಕಿ ಇಳ್ಕೊಂಡಿದೆ ಕಣ್ರೀ" ಎಂದರು. ಅಲ್ಲಿಯವರೆಗೆ ಅವರ ಬಾಯಲ್ಲಿ ಅದು ತಮ್ಮನ ಮನೆ.

ಮಳೆಗಾಲಕ್ಕೆ ಮುಂಚೆ ಹಕ್ಕಿ ಹೊರಟುಹೋಯಿತು. ಅತ್ತೆ ಕೊನೆಯವರೆಗೂ ನಮ್ಮ ಜೊತೆಗಿದ್ದರು.

ಇಷ್ಟು ವರ್ಷ ಈ ಸಿಳ್ಳೆ ಕೇಳಿದಾಗಲೆಲ್ಲ ನನಗೆ ನೆನಪಾಗುತ್ತಿದ್ದವರು ಅತ್ತೆ. ನಿನ್ನೆ ಯಾಕೋ ಮೊರ ಹಿಡಿದ ಅಮ್ಮ ಕಣ್ಮುಂದೆ ಬಂದಳು. ಕತ್ತಲಾದರೂ ದೀಪ ಹಾಕದೆ ಕೂತಿದ್ದೆ. ಹೆಂಡತಿ ಬಂದು, "ಯಾಕ್ರೀ, ಏನಾಯ್ತು?" ಎಂದಳು.

"ಅಮ್ಮನ್ನ ನೋಡ್ಬೇಕು ಅನ್ಸ್ತಾ ಇದೆ" ಎಂದೆ.